ಸೀಸೆಯ ಗಂಧ, ಸಾಣೆಯ ಗಂಧ

ಅಷ್ಟವಿಧಾರ್ಚನೆಯಲ್ಲಿ ಜಲದ ತರುವಾಯ ಬರುವುದು ಗಂಧ. ಜನ್ಮ, ಜರೆ, ಮರಣಗಳ ನಿವಾರಣೆಗಾಗಿ ಜಲವನ್ನು ಅರ್ಪಿಸಿದ ಶ್ರಾವಕನು ಸಂಸಾರತಾಪದ ಶಮನಕ್ಕಾಗಿ ಗಂಧವನ್ನು ಅರ್ಪಿಸುತ್ತಾನೆ. ಇದಕ್ಕೆ ಬೇಕಾದ ಸಲಕರಣೆ ಅತ್ಯಲ್ಪ: ಒಂದು ಸಾಣೆಕಲ್ಲು, ಒಂದು ಕೊರಡು, ಒಂದು ಉದ್ಧರಣೆ ನೀರು. ಇವುಗಳ ಜೊತೆಗೆ ತೇಯುವವನ ರಟ್ಟೆಯಲ್ಲಿ ಕಸುವಿರಬೇಕು. ಹೊಸನಗರ ತಾಲ್ಲೂಕಿನ ಒಂದು ಚಿಕ್ಕ ಬಸದಿಯಲ್ಲಿ ತೊಂದರೆ ಆರಂಭವಾದದ್ದು ಈ ಕಡೆಯ ವಿಷಯದಿಂದಲೇ. ಅಲ್ಲಿಯ ಇಂದ್ರರಿಗೆ ಎಪ್ಪತ್ತು ದಾಟಿತ್ತು, ಬಲಗೈಯ ಮಣಿಕಟ್ಟು ನೋಯುತ್ತಿತ್ತು. ಸಾಣೆಕಲ್ಲು ಮೂಲೆ ಸೇರಿತು. ಅದರ ಸ್ಥಾನಕ್ಕೆ ‘ಶುದ್ಧ ಶ್ರೀಗಂಧದೆಣ್ಣೆ’ ಎಂಬ ಚೀಟಿ ಅಂಟಿಸಿದ ಸೀಸೆ ಬಂದಿತು. ಅಭಿಷೇಕದ ನೀರಿಗೆ ನಾಲ್ಕು ಹನಿ, ಅರ್ಚನೆಯ ಬಟ್ಟಲಿಗೆ ಒಂದಿಷ್ಟು ಹಳದಿಯ ಪುಡಿ, ಅದರ ಮೇಲೆ ಎರಡು ಹನಿ. ಪರಿಮಳವು ಪ್ರಾಕಾರದ ಹೊರಗಿನವರೆಗೂ ಹರಡುತ್ತಿತ್ತು. ಬಂದವರೆಲ್ಲ ಮೆಚ್ಚಿದರು.

ಒಂದು ಚತುರ್ದಶಿಯ ಬೆಳಿಗ್ಗೆ ಗಂಧೋದಕವನ್ನು ಕಣ್ಣಿಗೆ ಒತ್ತಿಕೊಂಡ ಐದು ವರ್ಷದ ಮಗುವೊಂದು ಚೀರಿ ಅಳತೊಡಗಿತು. ತಾಯಿ ಬಾವಿಯಕಟ್ಟೆಗೆ ಕರೆದೊಯ್ದು ತಣ್ಣೀರಿನಿಂದ ತೊಳೆದಳು. ಕಣ್ಣು ಸಂಜೆಯವರೆಗೆ ಕೆಂಪಾಗಿತ್ತು, ಮರುದಿನ ಸರಿಹೋಯಿತು. ದೊಡ್ಡ ಅನಾಹುತವೇನಲ್ಲ. ಶುದ್ಧವಾದ ಗಂಧದೆಣ್ಣೆಯಾದರೂ ನೀರಿನ ಮೇಲೆ ತೇಲುವಂಥದ್ದೇ, ಕಣ್ಣಿಗೆ ತಾಗಿದರೆ ಉರಿಸುವಂಥದ್ದೇ. ಆದರೆ ಬಸದಿಯ ಟ್ರಸ್ಟಿನ ಖಜಾಂಚಿಯವರು ಆ ದಿನ ಅಲ್ಲಿಯೇ ಇದ್ದರು. ತೀರ್ಥಹಳ್ಳಿಯ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದ ಅವರಿಗೆ ಯಾವ ವಸ್ತುವಾದರೂ ಎಲ್ಲಿಂದ ಬಂತು, ಎಷ್ಟಕ್ಕೆ ಬಂತು ಎಂದು ಬರೆದಿಡುವ ಅಭ್ಯಾಸ. ಲೆಕ್ಕದ ಪುಸ್ತಕದಲ್ಲಿ ಆ ಸೀಸೆಗೆ ರಸೀದಿ ಇರಲಿಲ್ಲ. ‘ದಾನ’ ಎಂದಷ್ಟೇ ಇತ್ತು. ದಾನಿ ಬೇರೆ ಯಾರೂ ಅಲ್ಲ, ಅವರ ಸ್ವಂತ ಅಳಿಯ.

ಅಳಿಯಂದಿರು ಬೆಂಗಳೂರಿನಲ್ಲಿದ್ದು ಮೂರು ವರ್ಷಗಳಿಂದ ಸುಗಂಧದ ವ್ಯಾಪಾರ ನಡೆಸುತ್ತಿದ್ದರು. ಅಂಗಡಿಯಿಲ್ಲ, ಮಳಿಗೆಯಿಲ್ಲ, ವ್ಯಾಪಾರವೆಲ್ಲ ಮೊಬೈಲಿನ ಮೂಲಕ. ಚೆಲುವೆಯೊಬ್ಬಳು ಸೀಸೆಯನ್ನು ಕೆನ್ನೆಗೆ ತಾಗಿಸಿಕೊಂಡು ಒಂದು ಹನಿ ಹಚ್ಚಿದರೆ ಮೂರು ದಿನ ಪರಿಮಳ ಉಳಿಯುವುದೆಂದು ಹೇಳುತ್ತಾಳೆ. ಕೆಳಗೆ ‘ಇನ್ನು ಹನ್ನೊಂದು ಸೀಸೆಗಳು ಮಾತ್ರ’ ಎಂಬ ಕೆಂಪು ಅಕ್ಷರ. ಖಜಾಂಚಿಯವರ ಮೊಮ್ಮಗ ಅದನ್ನು ಸೋಮವಾರ ತೋರಿಸಿದಾಗಲೂ ಹನ್ನೊಂದೇ ಉಳಿದಿದ್ದವು, ಗುರುವಾರ ತೋರಿಸಿದಾಗಲೂ ಹನ್ನೊಂದೇ. ಮೇಷ್ಟ್ರಾಗಿದ್ದವರಿಗೆ ಈ ಲೆಕ್ಕ ಕೂಡಲಿಲ್ಲ. ಹೀಗೆ ಇಲ್ಲದ ಅವಸರವನ್ನು ಹುಟ್ಟಿಸಿ ಕೊಳ್ಳುವವನ ವಿವೇಕವನ್ನು ತಪ್ಪಿಸುವುದು ಗ್ರಾಹಕರ ಹಕ್ಕಿಗೆ ವಿರುದ್ಧವೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ಅದು ಅವರಿಗೆ ಆಗ ತಿಳಿದಿರಲಿಲ್ಲ.

ಸೀಸೆಯನ್ನು ದಾನವಾಗಿ ಪಡೆದುದಷ್ಟೇ ಆಗಿದ್ದರೆ ಅದನ್ನು ಪಕ್ಕಕ್ಕಿಟ್ಟು ಸುಮ್ಮನಿರಬಹುದಾಗಿತ್ತು. ಅದೇ ತಿಂಗಳು ಅಳಿಯಂದಿರಿಂದ ಒಂದು ಕೋರಿಕೆ ಬಂದಿತು. ಮಲೆನಾಡಿನ ಪ್ರಾಚೀನ ಬಸದಿಗಳಲ್ಲಿ ಬಳಸುವ ಗಂಧ ಎಂಬ ಹೆಸರಿನಿಂದ ಹೊಸ ಸೀಸೆಯೊಂದನ್ನು ಮಾರುಕಟ್ಟೆಗೆ ತರಬೇಕೆಂದಿದ್ದಾರೆ. ‘ನಮ್ಮ ಬಸದಿಯ ನಿತ್ಯಾಭಿಷೇಕಕ್ಕೆ ಇದೇ ಶುದ್ಧ ಗಂಧದೆಣ್ಣೆ’ ಎಂದು ಟ್ರಸ್ಟಿನ ಕಾಗದದ ಮೇಲೆ ಎರಡು ಸಾಲು ಬರೆದು ಸಹಿ ಮಾಡಿಕೊಡಬೇಕು. ಪ್ರತಿಯಾಗಿ ಬಸದಿಯ ಮಾಡಿನ ಹಂಚು, ರೀಪು, ಪಕಾಸಿಗಳ ದುರಸ್ತಿಯ ಪೂರ್ತಿ ವೆಚ್ಚ ಅವರದು. ಆ ಮಾಡಿನ ಸ್ಥಿತಿಯನ್ನು ಕಂಡವರಿಗೆ ಈ ಮಾತಿನ ತೂಕ ತಿಳಿದೀತು. ಹೊಸನಗರದ ಮಳೆ ಹೇಳಿ ಕೇಳಿ ಬರುವುದಲ್ಲ. ಹಿಂದಿನ ಆಷಾಢದಲ್ಲಿ ನವರಂಗದಲ್ಲಿ ನಾಲ್ಕು ಕಡೆ ಕೊಡಪಾನಗಳನ್ನಿಟ್ಟು ಪೂಜೆ ಮಾಡಿದ್ದರು. ಟ್ರಸ್ಟಿನ ಖಾತೆಯಲ್ಲಿ ಅರ್ಧ ಮಾಡಿಗೂ ಸಾಲುವಷ್ಟು ಹಣವಿರಲಿಲ್ಲ. ಮಗಳು ದೂರವಾಣಿಯಲ್ಲಿ ಹೇಳಿದಳು: “ಅಪ್ಪಯ್ಯ, ಎರಡು ಸಾಲು ತಾನೆ? ಬಸದಿಗೂ ಒಳ್ಳೆಯದು, ನಮಗೂ ಒಳ್ಳೆಯದು.”

ಖಜಾಂಚಿಯವರು ಕೂಡಲೇ ಇಲ್ಲವೆನ್ನಲಿಲ್ಲ, ಹೂಂ ಎಂದೂ ಹೇಳಲಿಲ್ಲ. ಒಂದು ವಾರದ ಅವಕಾಶ ಕೇಳಿದರು.

ಗಂಧದ ವಿಷಯದಲ್ಲಿ ಈ ಮೂರು ತಾಲ್ಲೂಕುಗಳ ಜನರಿಗೆ ಬೇರೆಯವರು ಪಾಠ ಹೇಳಬೇಕಾದುದಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಸಾಗರ, ತೀರ್ಥಹಳ್ಳಿ, ಶಿವಮೊಗ್ಗಗಳಲ್ಲಿ ಸರ್ಕಾರದ ಗಂಧದ ಕೋಠಿಗಳಿದ್ದವು. ಕಾಡಿನಿಂದ ಬೇರುಸಹಿತ ತಂದ ಮರದ ಬಿಳಿ ಹೊರಪದರವನ್ನು ಅಲ್ಲಿ ಕೆತ್ತಿ ತೆಗೆದು, ಚೇಗನ್ನು ದರ್ಜೆಗಳಾಗಿ ವಿಂಗಡಿಸಿ ಹರಾಜು ಹಾಕುತ್ತಿದ್ದರು. 1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ ಮೇಲೆ ಇನ್ನೂರು ವರ್ಷಗಳಿಗೂ ಮಿಕ್ಕಿ ಅದು ಒಡೆಯನ ಮರವಾಗಿಯೇ ಉಳಿಯಿತು. ರೈತನ ಬೇಲಿಯಲ್ಲಿ ತಾನಾಗಿ ಹುಟ್ಟಿದರೂ ಗಿಡ ಸರ್ಕಾರದ್ದು. ಮುಂದೆ ಕಳುವಾದರೆ ಉತ್ತರ ಹೇಳಬೇಕಾದವನು ಮಾತ್ರ ರೈತ. ಈ ಭಯದಿಂದ ಸಸಿಯಿರುವಾಗಲೇ ಸದ್ದಿಲ್ಲದೆ ಕಿತ್ತೊಗೆದವರು ಮಲೆನಾಡಿನಲ್ಲಿ ಕಡಿಮೆಯಿಲ್ಲ. 2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ ಭೂಮಿಯ ಒಡೆಯನೇ ಮರದ ಒಡೆಯನಾದ. ಕಡಿಯುವುದಕ್ಕೂ ಮಾರುವುದಕ್ಕೂ ಅರಣ್ಯ ಇಲಾಖೆಯ ಅಂಕೆ ಆಮೇಲೂ ಉಳಿಯಿತು.

ಎಣ್ಣೆಯ ಕಥೆ ಬೇರೆ. ಮೊದಲ ಮಹಾಯುದ್ಧದವರೆಗೆ ಮೈಸೂರಿನ ಕೊರಡು ಬಹುಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಬಂದು ಹಡಗುಗಳು ನಿಂತಾಗ ಕೋಠಿಗಳಲ್ಲಿ ಮರ ರಾಶಿಬಿದ್ದಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ ಅದು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಎಣ್ಣೆ ಇಳಿಸುವ ಕ್ರಮವನ್ನು ಪರೀಕ್ಷಿಸಿ 1916ರ ಸುಮಾರಿಗೆ ಸರ್ಕಾರವೇ ಕಾರ್ಖಾನೆ ಆರಂಭಿಸಿತು. ಶಿವಮೊಗ್ಗದ ಕಾರ್ಖಾನೆ 1944ರಲ್ಲಿ ಬಂದಿತು. ಖಜಾಂಚಿಯವರು ಬಾಲ್ಯದಲ್ಲಿ ತಂದೆಯೊಡನೆ ಶಿವಮೊಗ್ಗಕ್ಕೆ ಹೋದಾಗ ಗಾಳಿ ಆ ಕಡೆಯಿಂದ ಬೀಸಿದರೆ ಬೀದಿಯಲ್ಲೆಲ್ಲ ಗಂಧವಿರುತ್ತಿತ್ತಂತೆ. ನೆನಪುಗಳಿಗೆ ಪರಿಮಳ ಸ್ವಲ್ಪ ಹೆಚ್ಚಾಗಿಯೇ ಅಂಟಿಕೊಂಡಿರುತ್ತದೆ ಎಂಬುದನ್ನೂ ಇಲ್ಲಿ ಗಮನಿಸಬೇಕು.

ವಾರದ ನಡುವೆ ಅವರು ಆ ಸೀಸೆಯನ್ನು ಕೈಚೀಲದಲ್ಲಿಟ್ಟುಕೊಂಡು ಸಾಗರಕ್ಕೆ ಹೋದರು. ಸಾಗರದ ಗುಡಿಗಾರರು ತಲೆಮಾರುಗಳಿಂದ ಗಂಧದ ಕೆತ್ತನೆಗೆ ಹೆಸರಾದವರು. ಒಂದು ಕಾಲಕ್ಕೆ ದಂತವನ್ನೂ ಕೆತ್ತುತ್ತಿದ್ದ ಕುಲಕ್ಕೆ ಕಾನೂನು ಬಂದ ಮೇಲೆ ದಂತ ಕೈಬಿಟ್ಟಿತು, ಗಂಧ ಸರ್ಕಾರದ ಪಡಿತರವಾಗಿ ಸಿಕ್ಕಷ್ಟೇ ಸಿಕ್ಕಿತು. ಈಗ ಶಿವಣೆ ಮೊದಲಾದ ಬೇರೆ ಮರಗಳಲ್ಲಿಯೂ ಉಳಿ ಆಡಿಸುತ್ತಾರೆ. ಅಂಥವರಲ್ಲಿ ಹಿರಿಯರಾದ ಒಬ್ಬರ ಪರಿಚಯ ಖಜಾಂಚಿಯವರಿಗಿತ್ತು. ಗುಡಿಗಾರರು ಸೀಸೆಯನ್ನು ಮೂಸಿ ನೋಡಿ, ಒಂದು ಹನಿಯನ್ನು ಮಣಿಕಟ್ಟಿಗೆ ಹಚ್ಚಿಕೊಂಡು, ಕೆಲಸ ಮುಂದುವರಿಸಿದರು. ಅರ್ಧ ಗಂಟೆಯ ನಂತರ ಮತ್ತೊಮ್ಮೆ ಮೂಸಿದರು.

“ಇದು ಗಂಧವೋ ಅಲ್ಲವೋ ನನ್ನನ್ನು ಕೇಳಬೇಡಿ ಮೇಷ್ಟ್ರೇ. ಕೊರಡು ತನ್ನಿ, ಹೇಳ್ತೇನೆ. ಚೇಗು ಎಷ್ಟು, ಬಿಳಿ ಎಷ್ಟು, ಎಂಥಾ ನೆಲದಲ್ಲಿ ಬೆಳೆದದ್ದು ಅಂತ ಉಳಿ ಹಾಕಿದರೆ ಗೊತ್ತಾಗ್ತದೆ. ಎಣ್ಣೆ ನನ್ನ ಕೈಯ ವಿದ್ಯೆ ಅಲ್ಲ. ಈಗಿನ ಕಾಲದಲ್ಲಿ ಮೂಗನ್ನು ನಂಬಿ ಸಾಕ್ಷಿ ಹೇಳೋ ಹಾಗಿಲ್ಲ.”

ಈ ಪ್ರಾಮಾಣಿಕತೆ ಖಜಾಂಚಿಯವರ ಮನಸ್ಸಿನಲ್ಲಿ ಬಹಳ ದಿನ ನಿಂತಿತು. ಐವತ್ತು ವರ್ಷ ಗಂಧದ ಪುಡಿಯನ್ನೇ ಉಸಿರಾಡಿದವನು ‘ನನಗೆ ತಿಳಿಯದು’ ಎನ್ನುತ್ತಾನೆ. ಮೂರು ವರ್ಷದಿಂದ ಸೀಸೆ ಮಾರುವವನು ‘ನೂರಕ್ಕೆ ನೂರು ಶುದ್ಧ’ ಎನ್ನುತ್ತಾನೆ. ಗುಡಿಗಾರರ ಮಾತು ಶಾಸ್ತ್ರಕ್ಕೂ ಒಪ್ಪುವಂಥದ್ದೇ. ಶ್ರೀಗಂಧದೆಣ್ಣೆಯ ಪರಿಮಳಕ್ಕೆ ಕಾರಣವಾದವು ಮುಖ್ಯವಾಗಿ ಆಲ್ಫಾ ಸ್ಯಾಂಟಲಾಲ್ ಮತ್ತು ಬೀಟಾ ಸ್ಯಾಂಟಲಾಲ್ ಎಂಬ ಎರಡು ದ್ರವ್ಯಗಳು. ಅಂತರರಾಷ್ಟ್ರೀಯ ಮಾನದಂಡದಂತೆ ಮೊದಲನೆಯದು ನೂರಕ್ಕೆ 41ರಿಂದ 55ರವರೆಗೆ, ಎರಡನೆಯದು 16ರಿಂದ 24ರವರೆಗೆ ಇರಬೇಕು. ಇದನ್ನು ಅಳೆಯುವುದು ಗ್ಯಾಸ್ ಕ್ರೊಮ್ಯಾಟೋಗ್ರಫಿ ಎಂಬ ಯಂತ್ರ. ಮೂಗಿನಿಂದಲೂ ಕಾಗದದ ಮೇಲಿನ ಕಲೆಯಿಂದಲೂ ಆಗದು. ಏಕೆಂದರೆ ಗಂಧದ ವಾಸನೆಯನ್ನೇ ಹೋಲುವ ಸ್ಯಾಂಡಲೋರ್, ಜವನಾಲ್ ಮೊದಲಾದ ಕೃತಕ ದ್ರವ್ಯಗಳನ್ನು ರಸಾಯನ ಶಾಸ್ತ್ರಜ್ಞರು ಎಂದೋ ತಯಾರಿಸಿದ್ದಾರೆ. ಅವು ಬಹಳ ಹೊತ್ತು ಉಳಿಯುತ್ತವೆ ಕೂಡ. ಬಹಳ ಹೊತ್ತು ಉಳಿಯಿತು, ಆದುದರಿಂದ ಶುದ್ಧ ಎಂಬ ಜಾಹೀರಾತಿನ ತರ್ಕ ಇಲ್ಲಿಗೇ ಮುರಿದುಬೀಳುತ್ತದೆ.

ಮೂಗು ಹೇಳದ್ದನ್ನು ಲೆಕ್ಕ ಹೇಳೀತು. ಮರಳುವ ಬಸ್ಸಿನಲ್ಲಿ ಖಜಾಂಚಿಯವರು ಟಿಕೆಟಿನ ಹಿಂಬದಿಯಲ್ಲಿ ಗುಣಾಕಾರ ಮಾಡಿದರು. ಒಳ್ಳೆಯ ಚೇಗು ನೂರು ಕಿಲೋ ಇದ್ದರೆ ಐದಾರು ಕಿಲೋ ಎಣ್ಣೆ ಇಳಿದರೆ ಹೆಚ್ಚು. ಅಂದರೆ ಒಂದು ಕಿಲೋ ಎಣ್ಣೆಗೆ ಸುಮಾರು ಇಪ್ಪತ್ತು ಕಿಲೋ ಚೇಗು ಬೇಕು. ಚೇಗಿನ ಬೆಲೆ ಕಿಲೋ ಒಂದಕ್ಕೇ ಹಲವು ಸಾವಿರ ರೂಪಾಯಿ. ಶುದ್ಧವಾದ ಎಣ್ಣೆ ಕಿಲೋಗೆ ಲಕ್ಷ ರೂಪಾಯಿಗಳನ್ನು ಮೀರುವುದರಲ್ಲಿ ಆಶ್ಚರ್ಯವಿಲ್ಲ. ಸೀಸೆಯ ಮೇಲೆ ಹತ್ತು ಮಿಲಿಲೀಟರಿಗೆ 249 ರೂಪಾಯಿ ಎಂದಿತ್ತು. ಹಾಗಾದರೆ ಕಿಲೋಗೆ ಸುಮಾರು ಇಪ್ಪತ್ತೈದು ಸಾವಿರ. ಸೀಸೆ, ಪೆಟ್ಟಿಗೆ, ಅಂಚೆ, ಆ ಚೆಲುವೆಯ ಸಂಭಾವನೆ ಎಲ್ಲವೂ ಅದರಲ್ಲಿಯೇ ಸೇರಿದವು! ಮರವನ್ನು ಕೊಂಡವನು ಈ ಬೆಲೆಗೆ ಎಣ್ಣೆಯನ್ನು ಮಾರಲಾರ. ಮರವನ್ನು ಕೊಳ್ಳದೆ ಕದ್ದವನು ಮಾತ್ರ ಮಾರಿಯಾನು; ಇಲ್ಲವೆ ಸೀಸೆಯಲ್ಲಿರುವುದು ಬೇರೆಯೇ ಎಣ್ಣೆ.

ಈ ಎರಡು ದಾರಿಗಳಲ್ಲಿ ಯಾವುದಾದರೂ ಶ್ರಾವಕನಿಗೆ ಎಡವುಗಲ್ಲೇ ಸರಿ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಒಂದು ತದಾಹೃತಾದಾನ, ಕಳವಿನ ಮಾಲನ್ನು ಕೊಳ್ಳುವುದು. ಇನ್ನೊಂದು ಪ್ರತಿರೂಪಕ ವ್ಯವಹಾರ, ಅಸಲಿನಂತೆ ಕಾಣುವ ನಕಲನ್ನು ಅಸಲಿನ ಹೆಸರಿನಲ್ಲಿ ಮಾರುವುದು. ಉಮಾಸ್ವಾಮಿಗಳ ಕಾಲದಲ್ಲಿ ತುಪ್ಪಕ್ಕೆ ಎಣ್ಣೆ ಬೆರೆಸುವ, ಚಿನ್ನಕ್ಕೆ ತಾಮ್ರ ಕೂಡಿಸುವ ವ್ಯಾಪಾರಿಗಳಿದ್ದಿರಬೇಕು. ನಿಯಮ ನೇರವಾಗಿ ಈ ಸೀಸೆಯವರೆಗೆ ನಡೆದುಬರುತ್ತದೆ. ಇವು ಕಳ್ಳತನವಲ್ಲ, ಅತಿಚಾರ ಮಾತ್ರ ಎಂದು ಸಮಾಧಾನ ಪಟ್ಟುಕೊಳ್ಳುವವರಿದ್ದಾರೆ. ವ್ರತಕ್ಕೆ ಬಿದ್ದ ಬಿರುಕನ್ನು ಅತಿಚಾರವೆನ್ನುತ್ತಾರೆ. ಮಾಡಿನ ಹಂಚು ಮೊದಲು ಬಿರುಕೇ ಬಿಡುವುದು.

ಗಂಧದೆಣ್ಣೆಯ ಜೊತೆಗೆ ಅಳಿಯಂದಿರು ಮಾವನವರ ಎಂಬತ್ತನೆಯ ವರ್ಷಕ್ಕೆಂದು ಇನ್ನೊಂದು ಸೀಸೆಯನ್ನೂ ಕಳುಹಿಸಿದ್ದರು. ಅದರ ಮೇಲೆ ಕಸ್ತೂರಿ ಮತ್ತು ಅಗರು ಎಂದು ಬಂಗಾರದ ಅಕ್ಷರಗಳಲ್ಲಿ ಅಚ್ಚಾಗಿತ್ತು. ಆ ಹೆಸರನ್ನು ನೋಡಿ ಖಜಾಂಚಿಯವರಿಗೆ ನೆನಪಾದದ್ದು ತಂದೆಯ ಬೆಳ್ಳಿಯ ಭರಣಿ. ಹೆಬ್ಬೆರಳಿನಷ್ಟು ದೊಡ್ಡದಾದ ಆ ಭರಣಿಯಲ್ಲಿ ಹಿಂದೊಮ್ಮೆ ಉತ್ತರದೇಶದ ವ್ಯಾಪಾರಿಯಿಂದ ಕೊಂಡ ಕಸ್ತೂರಿಯ ಕಾಳುಗಳಿದ್ದವು. ತಂದೆಯವರು ರಾತ್ರಿ ಅನ್ನ ಬಿಟ್ಟವರು, ನೀರನ್ನು ಸೋಸಿ ಕುಡಿಯುತ್ತಿದ್ದವರು, ಕಂದಮೂಲ ಮುಟ್ಟದವರು. ಚಳಿಗಾಲದಲ್ಲಿ ತಾಂಬೂಲಕ್ಕೆ ಕಸ್ತೂರಿಯ ಒಂದು ಕಣ ಮಾತ್ರ ಬೇಕಿತ್ತು. ಅದು ಎಲ್ಲಿಂದ ಬರುತ್ತದೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಹಿಮಾಲಯದ ಎತ್ತರದಲ್ಲಿ ಗಂಡು ಕಸ್ತೂರಿಮೃಗದ ಹೊಟ್ಟೆಯಡಿಯ ಚೀಲದಲ್ಲಿರುವ ವಸ್ತು ಅದು. ಒಂದು ಚೀಲದಲ್ಲಿ ಸುಮಾರು 25 ಗ್ರಾಂ. ಕಿಲೋ ಕಸ್ತೂರಿಗೆ ನಲವತ್ತು ಗಂಡುಗಳು. ಬೇಟೆಗಾರನು ಒಡ್ಡುವ ಉರುಳಿಗೆ ಗಂಡು, ಹೆಣ್ಣು, ಮರಿ ಎಂಬ ಭೇದವಿಲ್ಲವಾದ್ದರಿಂದ ಸತ್ತವುಗಳ ಲೆಕ್ಕ ಅದಕ್ಕಿಂತ ಹೆಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಈ ಮೃಗಕ್ಕೆ ಅತ್ಯುನ್ನತ ರಕ್ಷಣೆಯಿದೆ, ಅದರ ವ್ಯಾಪಾರ ಅಪರಾಧ. ಭರಣಿ ಬರಿದಾಗಿ ಐವತ್ತು ವರ್ಷಗಳಾದರೂ ಮುಚ್ಚಳ ತೆಗೆದರೆ ಇನ್ನೂ ವಾಸನೆ ಬರುತ್ತಿತ್ತು. ಖಜಾಂಚಿಯವರ ಪತ್ನಿ ಅದನ್ನು ದೇವರಕೋಣೆಯಿಂದ ತೆಗೆದು ಅಟ್ಟಕ್ಕೆ ಸೇರಿಸಿದ್ದರು.

ಕನ್ನಡ ನಾಡಿಗೆ ಈ ಒಲವು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಸ್ನಾನ, ವಿಲೇಪನ, ಧೂಪ ಇವು ಒಂದೊಂದೂ ಪ್ರತ್ಯೇಕ ಭೋಗವಾಗಿ ವರ್ಣಿತವಾಗಿವೆ. ಅದಕ್ಕೂ ನೂರು ವರ್ಷ ಮೊದಲಿನ ಲೋಕೋಪಕಾರದಲ್ಲಿಯೂ ಸುಗಂಧದ್ರವ್ಯಗಳ ವಿಷಯವುಂಟು. ಅದನ್ನು ಬರೆದ ಚಾವುಂಡರಾಯ ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನಲ್ಲ. ಹೆಸರು ಒಂದೇ ಆದ್ದರಿಂದ ಆಗಾಗ ಗೊಂದಲವಾಗುತ್ತದೆ. ಅರಮನೆಯ ಭೋಗದಲ್ಲಿ ಕಸ್ತೂರಿ, ಪುನುಗು, ಜವಾಜಿಗಳಿಗೆ ಎಲ್ಲಿಲ್ಲದ ಮಾನ. ಪುನುಗನ್ನು ಕೊಡುವ ಬೆಕ್ಕನ್ನು ಬೋನಿನಲ್ಲಿಟ್ಟು, ಕೆರಳಿಸಿ, ಅದರ ಗ್ರಂಥಿಯ ಸ್ರಾವವನ್ನು ಕೆರೆದು ತೆಗೆಯುತ್ತಾರೆಂಬುದು ಆ ವರ್ಣನೆಗಳ ಸೊಗಸಿನಲ್ಲಿ ಕಾಣುವುದಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಕೃತಕವೆಂದ ಮಾತ್ರಕ್ಕೆ ತ್ಯಾಜ್ಯವೆಂಬ ತಿಳಿವಳಿಕೆ ಸರಿಯಲ್ಲ. ಇಂದು ಮಾರುಕಟ್ಟೆಯಲ್ಲಿ ಕಸ್ತೂರಿ ಎಂಬ ಹೆಸರಿನಿಂದ ಸಿಗುವುದು ಬಹುತೇಕ ಎಲ್ಲವೂ ಕೃತಕವೇ. 1888ರಲ್ಲಿ ಆಲ್ಬರ್ಟ್ ಬೌರ್ ಎಂಬ ರಸಾಯನ ಶಾಸ್ತ್ರಜ್ಞನು ಸ್ಫೋಟಕದ್ರವ್ಯಗಳ ಪ್ರಯೋಗದಲ್ಲಿದ್ದಾಗ ಆಕಸ್ಮಿಕವಾಗಿ ಕಸ್ತೂರಿಯ ವಾಸನೆಯ ವಸ್ತುವನ್ನು ಕಂಡುಕೊಂಡ. ಆ ವರ್ಗದ ಕೆಲವು ವಸ್ತುಗಳು ಚರ್ಮಕ್ಕೆ ಹಾನಿಕರವೆಂದು ಮುಂದೆ ನಿಷಿದ್ಧವಾದವು, ಬೇರೆಯವು ಬಂದವು. ಅಹಿಂಸೆಯನ್ನು ಮುಖ್ಯವಾಗಿ ಎಣಿಸುವವರಿಗೆ ‘ಅಸಲಿ’ ಕಸ್ತೂರಿ ಎಂಬುದೇ ಭಯಪಡಬೇಕಾದ ಮಾತು, ನಕಲಿ ಕಸ್ತೂರಿ ಎಷ್ಟೋ ಮೇಲು. ಶ್ರೀಗಂಧದ ವಿಷಯದಲ್ಲಿಯೂ ಕೃತಕ ಗಂಧವನ್ನು ಕೃತಕ ಗಂಧವೆಂದೇ ಹೇಳಿ ಮಾರುವವನಲ್ಲಿ ದೋಷವಿಲ್ಲ. ಒಂದು ಮರ ಉಳಿಯಿತೆಂದು ಸಂತೋಷಪಡಬಹುದು. ಆಕ್ಷೇಪವಿರುವುದು ಚೀಟಿಯ ಮೇಲಿನ ‘ಶುದ್ಧ’ ಎಂಬ ಎರಡಕ್ಷರಕ್ಕೆ. ಮದ್ಯಸಾರದ ಪ್ರಶ್ನೆಯನ್ನೂ ಕೆಲವರು ಎತ್ತುತ್ತಾರೆ. ಸಿಂಪಡಿಸುವ ಸೀಸೆಗಳಲ್ಲಿ ಬಹುಭಾಗ ಇರುವುದು ಅದೇ. ಕುಡಿಯಲಾಗದಂತೆ ಕೆಡಿಸಿದ್ದರೂ ಅದು ಹುದುಗಿನಿಂದ ಬಂದುದೇ. ಮನೆಯಲ್ಲಿ ಅವರವರ ನಿಯಮದಂತೆ ನಡೆಯಲಿ, ಬಸದಿಯೊಳಗೆ ಮಾತ್ರ ಅದಕ್ಕೆ ಸ್ಥಳವಿರಬಾರದು.

ಅಗರುವಿನ ವಿಚಾರ ಇನ್ನೂ ಸೂಕ್ಷ್ಮ. ಗಾಯಗೊಂಡ ಮರಕ್ಕೆ ಶಿಲೀಂಧ್ರ ತಗುಲಿದಾಗ ಮರವು ತನ್ನನ್ನು ಕಾಪಾಡಿಕೊಳ್ಳಲು ಸ್ರವಿಸುವ ರಾಳವೇ ಅಗರುವಿನ ಪರಿಮಳ. ಮಲೆನಾಡಿನಲ್ಲಿ ಅಡಿಕೆಯ ತೋಟದ ಬದುಗಳಲ್ಲಿಯೂ ಈಗ ಅಗರು ಮರಗಳು ಕಾಣುತ್ತವೆ; ಕಾಂಡಕ್ಕೆ ರಂಧ್ರ ಕೊರೆದು ಶಿಲೀಂಧ್ರವನ್ನು ಸೇರಿಸುತ್ತಾರೆ. ಇದನ್ನು ಹಿಂಸೆಯೆನ್ನಬೇಕೆ, ಕೃಷಿಯೆನ್ನಬೇಕೆ ಎಂಬುದನ್ನು ವಿದ್ವಾಂಸರು ಚರ್ಚಿಸಲಿ.

ವಾರ ಮುಗಿದ ಮೇಲೆ ಅಳಿಯಂದಿರೇ ಊರಿಗೆ ಬಂದರು. ಊಟವಾಗಿ ಜಗಲಿಯಲ್ಲಿ ಕುಳಿತಾಗ ಖಜಾಂಚಿಯವರು ಟಿಕೆಟಿನ ಹಿಂದಿನ ಲೆಕ್ಕವನ್ನು ತೋರಿಸಿದರು. “ಎಣ್ಣೆಯನ್ನು ಎಲ್ಲಿಂದ ತರಿಸುತ್ತೀರಿ?” ಎಂದು ಕೇಳಿದರು.

“ಸಗಟು ವ್ಯಾಪಾರಿಯೊಬ್ಬರಿದ್ದಾರೆ ಮಾವ. ಡ್ರಮ್ಮಿನಲ್ಲಿ ಬರುತ್ತದೆ. ಶುದ್ಧ ಅಂತ ಅವರೇ ಬರೆದುಕೊಡುತ್ತಾರೆ.”

“ಪರೀಕ್ಷೆ ಮಾಡಿಸಿದ್ದೀರಾ?”

“ಎಲ್ಲರೂ ಅವರಿಂದಲೇ ತರುವುದು. ಎಲ್ಲರೂ ಶುದ್ಧ ಅಂತಲೇ ಬರೆಯುವುದು. ನಾನೊಬ್ಬ ಬರೆಯದಿದ್ದರೆ ನನ್ನ ಸೀಸೆಯನ್ನು ಯಾರು ಮುಟ್ಟುತ್ತಾರೆ?”

ಅಳಿಯಂದಿರು ಸುಳ್ಳು ಹೇಳುವವರಲ್ಲವೆಂದು ಖಜಾಂಚಿಯವರಿಗೆ ಆಗ ಮನವರಿಕೆಯಾಯಿತು. ಅವರು ಕೇಳಿದ್ದನ್ನೇ ಹೇಳುತ್ತಿದ್ದರು. ಜಾಹೀರಾತಿನ ಚೆಲುವೆ ಅವರು ಹೇಳಿದ್ದನ್ನು ಹೇಳುತ್ತಿದ್ದಳು, ಇನ್ನು ಬಸದಿಯು ಅವಳು ಹೇಳಿದ್ದನ್ನು ಹೇಳಬೇಕಾಗಿತ್ತು. ಈ ಸರಪಳಿಯಲ್ಲಿ ಕೊರಡನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ.

ಟ್ರಸ್ಟಿಗಳೆಲ್ಲರೂ ತಿಳಿದಿರಬೇಕಾದ ಸಂಗತಿಯೊಂದು ಇಲ್ಲಿ ಬರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ತಯಾರಕನೊಬ್ಬನೇ ಹೊಣೆಗಾರನಲ್ಲ. ಆ ವಸ್ತುವನ್ನು ಪುರಸ್ಕರಿಸಿ ಮಾತಾಡಿದವರಿಗೂ ಮೊದಲ ಸಲಕ್ಕೆ ಹತ್ತು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಪುರಸ್ಕರಿಸುವವರು ತಕ್ಕಷ್ಟು ವಿಚಾರಿಸಿ ನೋಡಿರಬೇಕೆಂದು 2022ರ ಮಾರ್ಗಸೂಚಿ ಹೇಳುತ್ತದೆ. ಬಸದಿಯ ಮುದ್ರೆಯುಳ್ಳ ಎರಡು ಸಾಲು ಪುರಸ್ಕಾರವೇ ಆಗುತ್ತದೆ. ಮೋಸಹೋದ ಗ್ರಾಹಕರು 1915 ಎಂಬ ಸಂಖ್ಯೆಗೆ ಕರೆಮಾಡಿ ದೂರು ಕೊಡಬಹುದು. ಖಜಾಂಚಿಯವರು ಇದನ್ನು ತಮ್ಮ ವಕೀಲ ಶಿಷ್ಯನೊಬ್ಬನಿಂದ ತಿಳಿದುಕೊಂಡಿದ್ದರು, ಆದರೆ ಜಗಲಿಯಲ್ಲಿ ಆ ಮಾತನ್ನು ಎತ್ತಲಿಲ್ಲ. ಮಗಳ ಗಂಡನನ್ನು ಕಾನೂನು ತೋರಿಸಿ ಬೆದರಿಸುವುದು ಅವರಿಂದಾಗದು. “ನೀವು ಶುದ್ಧ ಎಂಬ ಮಾತನ್ನು ತೆಗೆಯಿರಿ, ಶ್ರೀಗಂಧದ ಪರಿಮಳ ಎಂದಿಡಿ, ಮೊದಲ ಸೀಸೆಯನ್ನು ನಾನೇ ದುಡ್ಡು ಕೊಟ್ಟು ಕೊಳ್ಳುತ್ತೇನೆ. ಬಸದಿಯ ಹೆಸರು ಮಾತ್ರ ಬೇಡ” ಎಂದರು. ಅಳಿಯಂದಿರು ಮರುಮಾತಾಡದೆ ಮರುದಿನ ಮೊದಲ ಬಸ್ಸಿಗೇ ಹೊರಟರು. ಹೊಂಬುಜದ ರಥೋತ್ಸವಕ್ಕೆ ಪ್ರತಿವರ್ಷ ತಪ್ಪದೆ ಬರುತ್ತಿದ್ದ ಮಗಳು ಆ ವರ್ಷ ಬರಲಿಲ್ಲ. ಪದ್ಮಾವತಿ ಅಮ್ಮನವರ ಸನ್ನಿಧಿಯಲ್ಲಿ, ಲಕ್ಕಿ ಮರದ ಹತ್ತಿರ, ಖಜಾಂಚಿಯವರ ಪತ್ನಿ ಜನಜಂಗುಳಿಯಲ್ಲಿ ಮೂರು ಸಲ ಹಿಂದಿರುಗಿ ನೋಡಿದರು.

ಟ್ರಸ್ಟಿನ ಸಭೆಯೂ ಸುಲಭವಾಗಿ ಮುಗಿಯಲಿಲ್ಲ. ಸದಸ್ಯರೊಬ್ಬರು ನೇರವಾಗಿಯೇ ಕೇಳಿದರು: “ನಿಮ್ಮ ಮನೆಯ ಜಗಳಕ್ಕೆ ಬಸದಿ ಯಾಕೆ ಸೋರಬೇಕು?” ಖಜಾಂಚಿಯವರಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಆ ಮಳೆಗಾಲವೂ ಕೊಡಪಾನಗಳು ನವರಂಗದಲ್ಲಿಯೇ ಇದ್ದವು. ಸದಸ್ಯರು ಕೇಳಿದ್ದು ಅನ್ಯಾಯದ ಪ್ರಶ್ನೆಯಲ್ಲ ಎಂಬುದನ್ನು ಒಪ್ಪಲೇಬೇಕು. ಕಡೆಗೆ ಉಳಿದವರು ಸೀಸೆಯನ್ನು ನಿಲ್ಲಿಸಲು ಸಮ್ಮತಿಸಿದರು, ಮಾಡಿನ ವಿಷಯವನ್ನು ಮುಂದಿನ ಸಭೆಗೆ ಇಟ್ಟರು. ಇಂದ್ರರ ಮಣಿಕಟ್ಟಿನ ಪ್ರಶ್ನೆಗೆ ಪರಿಹಾರ ಮಾತ್ರ ಅಲ್ಲಿಯೇ ದೊರೆಯಿತು. ದಿನಕ್ಕೊಂದು ಮನೆಯವರು ಸರದಿಯಂತೆ ಬಂದು ಗಂಧ ತೇಯಬೇಕೆಂದಾಯಿತು. ಹದಿನೇಳು ಮನೆಗಳು, ಹದಿನೇಳು ದಿನಕ್ಕೊಮ್ಮೆ ಅರ್ಧ ತಾಸು. ಮಗುವಿನ ಕಣ್ಣು ಉರಿದ ಆ ತಾಯಿ ಮೊದಲ ದಿನವೇ ಬಂದಳು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಹೇಳುವಾಗ ಊಟ, ವಾಹನ, ಹಾಸಿಗೆ, ಸ್ನಾನಗಳ ಜೊತೆಗೆ ಅಂಗರಾಗವನ್ನೂ ಹೂವನ್ನೂ ಎಣಿಸಿದೆ. ಇಂದು ಒಂದು ದಿನ, ಒಂದು ಪಕ್ಷ, ಒಂದು ಋತು ಎಂದು ಕಾಲದ ಮಿತಿಯಿಂದ ಬಿಟ್ಟರೆ ನಿಯಮ. ಬದುಕಿರುವವರೆಗೆ ಬಿಟ್ಟರೆ ಯಮ. ಉಪವಾಸದ ದಿನ ಗಂಧ, ಪುಷ್ಪಗಳನ್ನು ಪೂರ್ತಿಯಾಗಿ ಬಿಡಬೇಕೆಂದೂ ಅಲ್ಲಿದೆ. ಗಂಧವನ್ನು ಕೆಟ್ಟದ್ದೆಂದು ಎಲ್ಲಿಯೂ ಹೇಳಿಲ್ಲ, ಅಳತೆ ಹಾಕಿಕೊಳ್ಳಲು ಹೇಳಿದೆ. ಖಜಾಂಚಿಯವರ ಪತ್ನಿ ಮೂವತ್ತು ವರ್ಷಗಳ ಹಿಂದೆ ಕುಂದಾದ್ರಿಯ ಪಾರ್ಶ್ವನಾಥನ ಎದುರಿನಲ್ಲಿ ಮನೆಯಂಗಳದಲ್ಲಿ ಬೆಳೆದುದರ ಹೊರತು ಬೇರೆ ಸುಗಂಧವನ್ನು ಮೈಗೆ ತಾಗಿಸುವುದಿಲ್ಲವೆಂದು ನಿಯಮ ತೆಗೆದುಕೊಂಡು, ಅದನ್ನು ವರ್ಷ ವರ್ಷವೂ ಮುಂದುವರಿಸುತ್ತ ಬಂದವರು. ಅವರಿಗೆ ಇದು ಕೊರತೆಯೆನಿಸಿದ್ದಿಲ್ಲ. ಮಾಘ, ಫಾಲ್ಗುಣದಲ್ಲಿ ಸುರಗಿ ಬಿಡುತ್ತದೆ; ದಂಡೆ ಕಟ್ಟಿ ಒಣಗಿಸಿಟ್ಟರೆ ಮುಂದಿನ ಮಳೆಗಾಲದವರೆಗೂ ಸೀರೆಯ ಪೆಟ್ಟಿಗೆಯಲ್ಲಿ ಪರಿಮಳವಿರುತ್ತದೆ. ಬಕುಳವೂ ಹಾಗೆಯೇ. ಲಾವಂಚದ ಬೇರಿನ ಕಟ್ಟು ನೀರಿನ ಹೂಜಿಗೂ ಆಯಿತು, ಬಟ್ಟೆಗೂ ಆಯಿತು. ಬೇಲಿಯ ಕಸ್ತೂರಿ ಬೆಂಡೆಯ ಬೀಜವನ್ನು ಅರೆದರೆ ಆ ಬೆಳ್ಳಿಯ ಭರಣಿಯ ವಾಸನೆಗೆ ಹತ್ತಿರದ ವಾಸನೆ. ಯಾವ ಮೃಗಕ್ಕೂ ನೋವಿಲ್ಲ.

ಪೇಟೆಯಲ್ಲಿ ಕೊಳ್ಳಲೇಬೇಕಾದವರು ಬೆಲೆಯನ್ನು ಮೊದಲು ಕಿಲೋಗೆ ಗುಣಿಸಿ ನೋಡುವುದು ಒಳ್ಳೆಯದು. ಚಿತ್ರ ನೋಡಿ ಕೊಳ್ಳದೆ, ಒಂದು ಹನಿಯನ್ನು ಮಣಿಕಟ್ಟಿಗೆ ಹಚ್ಚಿಕೊಂಡು ಒಂದೆರಡು ತಾಸು ಅಡ್ಡಾಡಿ ಬಂದು ಆಮೇಲೆ ನಿರ್ಧರಿಸಬೇಕು. ಮೊದಲ ಹತ್ತು ನಿಮಿಷದಲ್ಲಿ ಮೂಗಿಗೆ ಬಡಿಯುವುದು ಬೇಗನೆ ಹಾರಿಹೋಗುವ ಲಘು ದ್ರವ್ಯಗಳು. ದಿನವಿಡೀ ಜೊತೆಗಿರುವುದು ಆಮೇಲೆ ಉಳಿದದ್ದು. ಚರ್ಮ ತುರಿಸಿದರೆ ಎಷ್ಟು ಬೆಲೆಯದಾದರೂ ಬೇಡ. ಚೀಟಿಯ ಮೇಲೆ ‘ಸುಗಂಧ’ ಎಂಬ ಒಂದೇ ಪದದ ಮರೆಯಲ್ಲಿ ಹತ್ತಾರು ದ್ರವ್ಯಗಳಿರಬಹುದಾದ್ದರಿಂದ ಪ್ರಾಣಿಜನ್ಯವೇನಾದರೂ ಇದೆಯೇ ಎಂದು ತಯಾರಕರಿಗೆ ಪತ್ರ ಬರೆದು ಕೇಳಬೇಕು. ಉತ್ತರ ಕೊಡದವರ ಸೀಸೆಯನ್ನು ಬಿಟ್ಟರಾಯಿತು. ಗಂಧದ ಕೊರಡನ್ನು ಮಾತ್ರ ಸಂತೆಯಲ್ಲಿ, ಬಸ್‌ನಿಲ್ದಾಣದಲ್ಲಿ, ಪರಿಚಯವಿಲ್ಲದವರ ಚೀಲದಿಂದ ಎಂದಿಗೂ ಕೊಳ್ಳಬಾರದು.

ಕಾರ್ತಿಕದಲ್ಲಿ ಬೆಂಗಳೂರಿನಿಂದ ಒಂದು ಪೊಟ್ಟಣ ಬಂದಿತು. ಒಳಗೆ ಅದೇ ಆಕಾರದ ಸೀಸೆ. ಚೀಟಿ ಬದಲಾಗಿತ್ತು: ‘ಶ್ರೀಗಂಧ’ ಎಂದು ದೊಡ್ಡದಾಗಿ, ‘ಪರಿಮಳ’ ಎಂದು ಅದರ ಕೆಳಗೆ ಬಹಳ ಚಿಕ್ಕದಾಗಿ. ಜೊತೆಗೆ ಕಾಗದವೇನೂ ಇರಲಿಲ್ಲ. ಖಜಾಂಚಿಯವರು ಕನ್ನಡಕವನ್ನು ಒರೆಸಿಕೊಂಡು ಆ ಚಿಕ್ಕ ಅಕ್ಷರವನ್ನು ಎರಡು ಸಲ ಓದಿದರು. ಸಂಜೆ ಅಂಚೆ ಕಚೇರಿಗೆ ಹೋಗಿ ಮಗಳ ಹೆಸರಿಗೆ 249 ರೂಪಾಯಿಗಳ ಮನಿಯಾರ್ಡರು ಮಾಡಿ ಬಂದರು. ಟ್ರಸ್ಟಿನ ಲೆಕ್ಕದ ಪುಸ್ತಕದಲ್ಲಿ ಆ ತಿಂಗಳು ಗಂಧದ ಬಾಬಿನಲ್ಲಿ ಒಂದೇ ನಮೂದು ಇತ್ತು: ಸರ್ಕಾರಿ ಮಳಿಗೆಯಿಂದ ಶ್ರೀಗಂಧದ ಕೊರಡು ಒಂದು, ತೂಕ ನೂರು ಗ್ರಾಂ, ರಸೀದಿ ಲಗತ್ತಿಸಿದೆ.